ಕೌದಿಯಲ್ಲಿ ಸುತ್ತಿ ತಂದ ಕಾರ್ಡು

ಫೆಬ್ರವರಿ 7, ಸೋಮವಾರ. ಬೆಳಿಗ್ಗೆ

1905. ಮತ್ತೆ 1890. ಮತ್ತೆ 1905. ಕೈಯೆಲ್ಲ ಹಿಟ್ಟು, ಮೊಣಕೈಯಿಂದ ಫೋನು ಎಬ್ಬಿಸಿ ನೋಡಿದೆ. ಹಸಿರು ಗೆರೆ ಸಮತಟ್ಟಾಗಿದೆ. ಒಳ್ಳೆಯದು. ಕಂಪ್ಯೂಟರಿನ ಕಾರ್ಡು ಅಂಗಳದಾಚೆ ಬೇಸಿಗೆಯ ಅಡುಗೆಕೋಣೆಯಲ್ಲಿ ದುಡಿಯುತ್ತಿದೆ, ನಾನು ಚಳಿಗಾಲದ ಅಡುಗೆಮನೆಯಲ್ಲಿ. ಇಬ್ಬರಿಗೂ ಒಂದೇ ಪಾಳಿ.

ನನ್ನ ಗಂಡ ಕುಬಾನ್, ಬೆಟ್ಟದ ಕೆಲಸಕ್ಕೆ ಹೊರಡುವ ಮುಂಚೆ, ಬಾಯಿ ತುಂಬ ಕರಿದ ಬೋರ್ಸೋಕ್ ತುರುಕಿಕೊಂಡು ಕೇಳಿದ:

"ಆ ನಂಬರ್ ಏನೇ ಅದು? ನನ್ ಮುಖಾನೂ ಅಷ್ಟು ಸಲ ನೋಡಲ್ಲ ನೀನು."

"ಗ್ರಾಫಿಕ್ಸ್ ಕಾರ್ಡಿನ ಕ್ಲಾಕು. ಎಷ್ಟು ಜೋರಾಗಿ ಓಡ್ತಿದೆ ಅಂತ. ಮೆಗಾಹರ್ಟ್ಸು."

"ಇಳಿದ್ರೆ?"

"ಚುನಾಕ್‌ಗೆ ಕೂದ್ಲು ಬರೋದು ತಡ ಆಗತ್ತೆ."

"ನಮ್ಮಪ್ಪಂಗೆ ಕೂದ್ಲೇ ಇರ್ಲಿಲ್ಲ. ಬದುಕ್ಲಿಲ್ವಾ?"

ಸ್ಕೀ ಬೆಟ್ಟದ ಲಿಫ್ಟ್ ಮೆಕ್ಯಾನಿಕ್ಕು ಅವನು. ಹಗ್ಗ, ಗಾಲಿ, ಗ್ರೀಸು. ಕೂದಲಿನ ಕಷ್ಟ ಅವನಿಗೇನು ಗೊತ್ತು.

ಚುನಾಕ್ ಕಿವಿಯಿಲ್ಲದೆ ಹುಟ್ಟಿದ ಮೇಕೆಮರಿ. ಕುದುರೆಗಳ ಓಟಕ್ಕೆ ತಾನೂ ಸೇರುತ್ತೇನೆಂದು ಹೊರಟವನು. ಐದು ನಿಮಿಷದ ಕಾರ್ಟೂನ್. ಮೂರು ವರ್ಷ ನನ್ನ ತಲೆಯಲ್ಲಿ ಓಡಾಡಿದ, ಈಗ ಕೊನೆಗೂ ಕಾರ್ಡಿನೊಳಗೆ. ವಸಂತದ ಹೊಸವರ್ಷ ನೋರೂಝ್ ಹಬ್ಬದ ದಿನ ನಮ್ಮೂರು ಕರಾಕೋಲಿನ ಸಂಸ್ಕೃತಿ ಭವನದಲ್ಲಿ ತೋರಿಸುತ್ತೇವೆ ಅಂದಿದ್ದಾರೆ. ಮಾರ್ಚ್ 18ಕ್ಕೆ ಕೈಗಿಡಬೇಕು. ಆಗದಿದ್ದರೆ ಪ್ರತಿ ವರ್ಷದ ಹಾಗೆ ಅದೇ ಹಳೇ ರಷ್ಯನ್ ಕಾರ್ಟೂನು. ಮಕ್ಕಳಿಗೆ ಅದು ಬಾಯಿಪಾಠ, ಮಕ್ಕಳ ಅಪ್ಪಂದಿರಿಗೂ ಬಾಯಿಪಾಠ. ನಮ್ಮ ಭಾಷೆ ಮಾತಾಡುವ ಒಂದು ಮೇಕೆಯನ್ನಾದರೂ ಅವರು ನೋಡಬೇಡವೇ?

ಒಂದೊಂದು ಫ್ರೇಮು, ಅಂದರೆ ಒಂದೊಂದು ಬಿಡಿ ಚಿತ್ರ, ಮೂಡಿಸಲು ಕಾರ್ಡಿಗೆ ಆರು ನಿಮಿಷ. ಹಗಲೂ ರಾತ್ರಿ ಓಡಿದರೆ ಮುಗಿಯುತ್ತದೆ. ಓಡಿದರೆ.

ಫೆಬ್ರವರಿ 10

ಅತ್ತೆಗೆ (ನಾನು ಕರೆಯುವುದು ಅಪಾ ಎಂದೇ) ಕಾರ್ಡಿನ ಮೇಲೆ ಕೋಪವಿಲ್ಲ. ತಾತ್ಸಾರ. ಮದುವೆಯಲ್ಲಿ ನಮ್ಮಪ್ಪ ಕೌದಿ, ಹಾಸಿಗೆ, ದಿಂಬಿನ ಜೊತೆ ಇದನ್ನೂ ಕಳಿಸಿದ್ದ, ಎಲ್ಲಕ್ಕಿಂತ ದಪ್ಪ ಕೌದಿಯಲ್ಲಿ ಸುತ್ತಿ. ಇಲ್ಲಿಯ ಹೆಂಗಸರು ಆಸೆಯಿಂದ ಆ ಕೌದಿಯನ್ನೇ ಮೊದಲು ಬಿಡಿಸಿದ್ದರು. ಎರಡು ವರ್ಷವಾಯಿತು, ಕಥೆ ಇನ್ನೂ ಹಳಸಿಲ್ಲ. ಇವತ್ತು ಹಾಲು ಕೊಳ್ಳಲು ಬಂದವಳ ಮುಂದೆಯೂ:

"ಬೇರೆಯವ್ರ ಸೊಸೆ ಕೌದಿ ತರ್ತಾಳೆ. ನನ್ ಸೊಸೆ ಫ್ಯಾನ್ ತಂದ್ಲು."

"ಮೂರು ಫ್ಯಾನ್ ಇದೆ ಅಪಾ ಅದ್ರಲ್ಲಿ."

"ನೋಡಿದ್ಯಾ? ಎದುರುತ್ತರ ಬೇರೆ."

ಹೇಳುವಾಗ ನಗು ಇತ್ತು. ಆಮೇಲೆ ಸಹಜವಾಗಿ ಎನ್ನುವ ಹಾಗೆ ಕೇಳಿದರು: "ಆ ಕೋಣೆ ಒಲೆಯಿಲ್ದೆ ಹೆಂಗೆ ಬೆಚ್ಚಗಿರತ್ತೆ?"

"ಕಾರ್ಡು ಬಿಸಿಗಾಳಿ ಬಿಡತ್ತೆ ಅಪಾ."

"ಹೂಂ."

ಆ ಹೂಂ ನನಗೆ ಹಿಡಿಸಲಿಲ್ಲ.

ಫೆಬ್ರವರಿ 13, ಭಾನುವಾರ. ಸಂಜೆ

ನಗಬೇಕೋ ಹೆದರಬೇಕೋ ಗೊತ್ತಿಲ್ಲ.

ಮಧ್ಯಾಹ್ನ ಕಾಲ್ಬುಬು ಬಂದಿದ್ದರು. ತೀರಿಹೋದ ಮಾವನ ಅಕ್ಕ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ. ಇಲ್ಲಿ ಬರೆದುಕೊಳ್ಳುತ್ತೇನೆ: ಕಾಲ್ಬುಬು, ಕಾಲ್ಬುಬು. ಆಹಾ. ಇದೇ ಬೀದಿಯ ಕೊನೆಯ ಮನೆ ಅವರದು, ಆದರೆ ಬರುವುದು ರಾಯಭಾರಿಯ ಹಾಗೆ, ಮುಂಚಿತವಾಗಿ ಹೇಳಿ ಕಳಿಸಿ. ಅವರ ಕೋಲಿನ ಸದ್ದು ಕೇಳಿದರೆ ಅಪಾಗೆ ಬಾಯಿ ಒಣಗುತ್ತದೆ.

ನಾನು ಚಹಾದ ನೀರು ಕುದಿಯುವ ಸಮೋವರಿನ ಪಕ್ಕ, ಚಹಾ ಬಗ್ಗಿಸುವವಳ ಜಾಗದಲ್ಲಿ. ತಲೆಗೆ ವಸ್ತ್ರ, ಕಣ್ಣು ಕೆಳಗೆ, ಮಡಿಲಲ್ಲಿ ಫೋನು. ಬಟ್ಟಲಿಗೆ ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ... ಹಾಗೆ ಕೊಡುತ್ತಿದ್ದರೆ ಇನ್ನೂ ಕೂತಿರಿ ಎಂದು ಅರ್ಥ. ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದು. ಇದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು.

1905. 1905. 1740.

ಯಾಕೆ?

1500. 1310...

ಗೆರೆ ಮೆಟ್ಟಿಲು ಇಳಿಯುತ್ತಿತ್ತು. ಮೈ ಬಿಸಿಯೇರಿದರೆ ಕಾರ್ಡು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಆದರೆ ಹೊರಗೆ ಮೈನಸ್ ಹನ್ನೆರಡು! ಈ ಚಳಿಯಲ್ಲಿ ಯಾವ ಬಿಸಿ?

"ಏ ಹುಡುಗಿ."

ತಲೆಯೆತ್ತಿದೆ. ಕಾಲ್ಬುಬು ಅವರ ಬಟ್ಟಲು ಅಂಚಿನವರೆಗೆ ತುಂಬಿ, ತಟ್ಟೆಗಿಳಿದು, ಹಾಸಿದ ಬಟ್ಟೆಯ ಮೇಲೆ ಹರಿಯುತ್ತಿತ್ತು. ನಾನಿನ್ನೂ ಬಗ್ಗಿಸುತ್ತಲೇ ಇದ್ದೆ.

"ಜಿಪಾರ್," ಅಂದರು ಅಪಾನ ಕಡೆ ತಿರುಗಿ, "ನಿನ್ ಸೊಸೆ ನನ್ನ ಎದ್ದು ಹೋಗು ಅಂತಿದಾಳೆ."

"ಅಯ್ಯೋ ಇಲ್ಲ ಅಕ್ಕಾ, ಇನ್ನೂ ಚಿಕ್ಕವ್ಳು, ತಿಳಿಯಲ್ಲ..."

"ಚಿಕ್ಕವ್ಳಾ? ಇವ್ಳ ವಯಸ್ಸಲ್ಲಿ ನಾನು ನಾಲ್ಕು ಹೆತ್ತಿದ್ದೆ."

980.

ಕ್ಷಮಿಸಿ ಎಂದೆನೋ ಇಲ್ಲವೋ. ಎದ್ದು ಓಡಿದೆ. ಕಾಲಿಗೆ ಬೂಟೂ ಇಲ್ಲ, ಸಾಕ್ಸಿನಲ್ಲೇ ಹಿಮದ ಮೇಲೆ. ಬಾಗಿಲು ತೆರೆದರೆ...

ಕುರಿಮರಿ.

ಬೆಳಿಗ್ಗೆ ಹುಟ್ಟಿದ್ದು. ಅಪಾನ ಹಳೇ ಸ್ವೆಟರಿನಲ್ಲಿ ಸುತ್ತಿದ್ದರು. ಕಂಪ್ಯೂಟರಿಗೆ ಗಾಳಿ ಒಳಹೋಗುವ ಕಿಂಡಿಗೆ ಬೆನ್ನು ಒತ್ತಿಕೊಂಡು, ಬಾಯಿ ತೆರೆದು ನಿದ್ದೆ ಹೊಡೆಯುತ್ತಿತ್ತು. ಫ್ಯಾನುಗಳು ಮೂರೂ ಗಂಟಲು ಹರಿದುಕೊಳ್ಳುತ್ತಿದ್ದವು. ಅದಕ್ಕೆ ಅದೇ ಜೋಗುಳ.

ಹಿಂದೆಯೇ ಅಪಾ ಬಂದರು, ಏದುಸಿರು. "ಬೆಚ್ಚಗಿದೆ ಅಂತ ಇಲ್ಲಿ ಮಲಗಿಸ್ದೆ ಕಣೇ. ಕೊಟ್ಟಿಗೇಲಿ ಸೆಟೆದು ಹೋಗ್ತಿತ್ತು, ಮುಂಡೇದು."

ಮರಿಯನ್ನೆತ್ತಿ ಹಿಂಬದಿಗೆ ಮಲಗಿಸಿದೆ, ಬಿಸಿಗಾಳಿ ಹೊರಬರುವ ಕಡೆ. ಅದು ಕಣ್ಣೂ ಬಿಡಲಿಲ್ಲ. ಫೋನನ್ನು ಅಪಾನ ಮುಖದ ಮುಂದೆ ಹಿಡಿದೆ. 1100. 1430. 1760. 1905.

ಅಪಾ ನಂಬರು ನೋಡಿದರು. ಮರಿ ನೋಡಿದರು. ಮತ್ತೆ ನಂಬರು.

"ಉಸಿರು ಕಟ್ಟಿತ್ತಾ ಅದಕ್ಕೆ?"

"ಹೂಂ ಅಪಾ."

"ಬಾಯಿ ಬಿಟ್ಟು ಹೇಳೋದಲ್ವಾ ಮೊದ್ಲೇ. ನಾನೇನು ಅದನ್ನ ಕೊಲ್ಲೋಕೆ ಹೊರಟಿದ್ನಾ?"

ಒಳಗೆ ಬಂದಾಗ ಕಾಲ್ಬುಬು ಹೊರಟುಹೋಗಿದ್ದರು. ಬಟ್ಟಲಿನಿಂದ ಒಂದು ಗುಟುಕೂ ಇಳಿದಿರಲಿಲ್ಲ.

ಫೆಬ್ರವರಿ 17

ಅಪಾ ಕೆಟ್ಟುಹೋದರು. ಕೆಡಿಸಿದ್ದು ನಾನೇ, ಗೆರೆಯನ್ನು ಅವರ ಫೋನಿಗೂ ಹಾಕಿಕೊಟ್ಟೆ. ಮನೆಯ ವೈಫೈ ದಾಟಿದರೂ ಬರುವ ಹಾಗೆ ಮಾಡು ಅಂದರು. ಮಾಡಿದೆ. ಈಗ ಸಂತೆಯಿಂದ ಫೋನು:

"ಸಾವಿರದ ಎಂಟುನೂರ ತೊಂಬತ್ತು ಅಂತಿದೆ. ಮಿಕ್ಕ ಹದಿನೈದು ಎಲ್ಲಿ ಹೋಯ್ತು?"

"ಅಷ್ಟು ಏರಿಳಿತ ಇದ್ದೇ ಇರತ್ತೆ ಅಪಾ."

"ಇರ್ಬಾರ್ದು. ಹೋಗಿ ನೋಡು. ಮರಿ ಮತ್ತೆ ಆ ಕಡೆ ಹೊರಳಿದೆಯೇನೋ."

ಹೋಗಿ ನೋಡಿದೆ. ಹೊರಳಿತ್ತು.

ಕಾರ್ಡಿಗೆ ಹೆಸರೂ ಬಿತ್ತು: ಕರಿಯ. ಊಟಕ್ಕೆ ಕೂತಾಗ ಕುಬಾನ್ ದಿನವೆಲ್ಲ ಹೇಗಿತ್ತೆಂದು ಹೇಳತೊಡಗಿದರೆ ಅಪಾ ಅರ್ಧದಲ್ಲೇ ತಡೆದು, "ಇರೋ, ಕರಿಯ ಹೆಂಗಿದಾನೆ ನೋಡ್ತೀನಿ."

"ಈ ಮನೇಲಿ ನಂದೂ ಒಂದು ಗೆರೆ ಹಾಕ್ಸಿಬಿಡಿ," ಅಂದ ಕುಬಾನ್. "ಆಗ್ಲಾದ್ರೂ ಯಾರಾದ್ರೂ ನೋಡ್ತೀರೇನೋ."

"ನಿಂದು ಬಿಡೋ, ಮಲಗಿದ್ದಾಗ್ಲೂ ಓಡ್ತಿದ್ದಾಗ್ಲೂ ಒಂದೇ."

ನಕ್ಕು ನಕ್ಕು ಅಶ್ಲ್ಯಾನ್‌ಫು ನೂಡಲ್ಸಿನ ಸಾರು ಮೂಗಿಗೇರಿತು. ಖಾರ.

ಫೆಬ್ರವರಿ 26

ಬಹಳ ದಿನ ಬರೆಯಲಿಲ್ಲ. ಎಲ್ಲ ಸರಿಯಿತ್ತು, ಬರೆಯುವುದೇನು.

ಈಗ ಸರಿಯಿಲ್ಲ. ಮೂರು ದಿನದಿಂದ ಹಿಡಿದ ಚಳಿ ಬಿಟ್ಟಿಲ್ಲ, ಮೈನಸ್ ಇಪ್ಪತ್ತನಾಲ್ಕು. ಸಂಜೆಯಾದರೆ ಬೀದಿಯ ಮನೆಮನೆಯಲ್ಲೂ ಕರೆಂಟಿನ ಹೀಟರು. ಬಲ್ಬು ಬಾಡುತ್ತದೆ. ಸ್ಟೆಬಿಲೈಸರ್ ಸ್ವಲ್ಪ ಹೊತ್ತು ಗುರ್ ಎಂದು ಟಕ್ ಅಂತ ಕೈಬಿಡುತ್ತದೆ. ಕಂಪ್ಯೂಟರ್ ಆರುತ್ತದೆ. ಗೆರೆ ಇಳಿಯುವುದೂ ಇಲ್ಲ, ಕತ್ತರಿಸಿದ ಹಾಗೆ ಇಲ್ಲವಾಗುತ್ತದೆ.

ಅಪಾ ಮೊದಲ ಸಲ ನೋಡಿ ಕೂಗಿಕೊಂಡರು.

ಉಪಾಯವೊಂದೇ. ಸಂಜೆಗೆ ಕಾರ್ಡು ಎಳೆಯುವ ಕರೆಂಟಿಗೆ ನಾನೇ ಮಿತಿ ಹಾಕಿದೆ. ಈಗ 1200ರಲ್ಲಿ ಕುಂಟುತ್ತಿದೆ. ಆರುವುದಿಲ್ಲ, ಆದರೆ ಓಡುವುದೂ ಇಲ್ಲ. ಸಂಜೆಯಿಂದ ಬೆಳಗಿನವರೆಗೂ ಇದೇ ಕುಂಟು.

ಫೆಬ್ರವರಿ 28, ಸೋಮವಾರ

ಲೆಕ್ಕ ಹಾಕಿದೆ. ಮುಗಿಯುವುದಿಲ್ಲ.

ರಾಜಧಾನಿ ಬಿಶ್ಕೆಕ್‌ನಿಂದ ಚೋಲ್ಪೋನ್ ಫೋನು. ಕಾರ್ಟೂನಿನ ದನಿ, ಸಂಗೀತ, ಗೊರಸಿನ ಸದ್ದು ಎಲ್ಲ ಅವಳದು. ಅವಳ ಕೆಲಸ ಮುಗಿದು ಕಾಯುತ್ತಿದ್ದಾಳೆ.

"ಒಂದು ನಿಮಿಷ ಕತ್ತರಿಸ್ಬಿಡು ಬುರುಲ್. ಆ ಮುನಿಸಿನ ಭಾಗ ತೆಗಿ. ಅಲ್ಲಿ ಕಥೆ ಏನೂ ನಡಿಯಲ್ಲ. ಮುಖ ಹತ್ರ ಇದೆ, ಕೂದ್ಲು ಜಾಸ್ತಿ, ಅದೇ ನಿನ್ನ ಕಾರ್ಡನ್ನ ತಿಂತಿರೋದು."

ಸರಿಯಾದ ಮಾತು. ಕುದುರೆಗಳು ಗೇಲಿ ಮಾಡಿದ ಮೇಲೆ ಚುನಾಕ್ ಎಲ್ಲರಿಗೂ ಬೆನ್ನು ತಿರುಗಿಸಿ ಕೂರುತ್ತಾನೆ. ಯಾರು ಕರೆದರೂ ತಿರುಗುವುದಿಲ್ಲ. ಒಂದು ಭುಜ ಮಾತ್ರ ಸ್ವಲ್ಪ ಮೇಲೆ. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಓರೆಗಣ್ಣಲ್ಲಿ ಇಣುಕುತ್ತಾನೆ. ಅಷ್ಟೇ. ಕಥೆ ಏನೂ ನಡೆಯುವುದಿಲ್ಲ.

ಆ ಭುಜ ಬರೆಯಲು ಒಂದು ಇಡೀ ಚಳಿಗಾಲ ಹಿಡಿದಿತ್ತು. ಕುಬಾನ್ ಮುನಿಸಿಕೊಂಡಾಗಲೆಲ್ಲ ಕದ್ದು ನೋಡಿ ಬರೆದದ್ದು.

ನಾಳೆ ಹೇಳುತ್ತೇನೆ ಅಂದೆ ಚೋಲ್ಪೋನ್‌ಗೆ. ಪಾತ್ರೆ ತೊಳೆಯುವಾಗ ಅಳು ಬಂತು. ಅಪಾ ನೋಡಿದರೋ ಏನೋ, ಮಿಕ್ಕ ಪಾತ್ರೆ ತಾವೇ ತೊಳೆದರು.

ಮಾರ್ಚ್ 2

ಇವತ್ತಿನದನ್ನು ಪೂರ್ತಿ ಬರೆಯಬೇಕು.

ನಿನ್ನೆ ಕುಬಾನ್ ಮೀಟರು ಹಿಡಿದು ಬೀದಿಯ ಕಂಬದಿಂದ ಕಂಬಕ್ಕೆ ತಿರುಗಿದ. ಬಂದು ಬೂಟು ಕಳಚುತ್ತ, "ನಮ್ದೂ ದೊಡ್ಡತ್ತೆದೂ ಒಂದೇ ತಂತಿ. ಅವ್ರ ಮನೇಲಿ ಆರು ಕೋಣೆಗೆ ಕರೆಂಟ್ ಬಾಯ್ಲರ್. ಕೋಳಿಗೂಡಿಗೆ ಬೇರೆ ಹೀಟರ್."

"ಕೋಳಿಗಾ?"

"ಕೋಳಿಗೆ."

ಕಾಲ್ಬುಬು. ಬೇರೆ ಯಾರಾದರೂ ಆಗಿದ್ದರೆ!

ಇವತ್ತು ಸಂಜೆ ಅಪಾ ಹೊಸ ತಲೆವಸ್ತ್ರ ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. "ನಡಿ."

"ಎಲ್ಲಿಗೆ ಅಪಾ?"

"ಅಕ್ಕನ ಮನೆಗೆ. ಫೋನ್ ತಗೋ. ಬಾಯಿ ಮುಚ್ಕೊಂಡಿರು."

ಕಾಲ್ಬುಬು ಬಾಗಿಲು ತೆರೆದರು, ಗೌರವದ ಜಾಗದಲ್ಲಿ ಕೂರಿಸಿದರು, ತಾವೇ ಚಹಾ ಬಗ್ಗಿಸಿದರು. ಅಪಾನ ಮುಂದೆ ಇಟ್ಟ ಬಟ್ಟಲು ಅಂಚಿನವರೆಗೆ ತುಂಬಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ಅಷ್ಟು ಜೋಪಾನವಾಗಿ ಮಾಡಿದ ಅವಮಾನ.

ಅಪಾ ಬಟ್ಟಲೆತ್ತಿ ಒಂದೇ ಉಸಿರಿಗೆ ಕುಡಿದರು. ಸುಡುಸುಡು. ಕಣ್ಣಲ್ಲಿ ನೀರು. ಬಟ್ಟಲು ಮುಂದೆ ತಳ್ಳಿದರು.

"ಇನ್ನೊಂದು ಕೊಡಿ ಅಕ್ಕಾ."

ಮತ್ತೆ ತುಂಬಿ ಬಂತು. ಮತ್ತೆ ಕುಡಿದರು.

"ಚೆನ್ನಾಗಿದೆ. ಇನ್ನೊಂದು."

ಮೂರನೆಯದನ್ನು ಬಗ್ಗಿಸುವಾಗ ಕಾಲ್ಬುಬು ಅವರ ತುಟಿಯ ಮೂಲೆ ಅಲುಗಿತು. "ಹೊಟ್ಟೆ ಒಡ್ದು ನನ್ ಮನೇಲೇ ಸಾಯ್ಬೇಡ. ಏನ್ ಬೇಕು ಹೇಳು."

ಅಪಾ ಫೋನು ಕಸಿದು ಅವರ ಮುಂದಿಟ್ಟರು. "ಇದು ನೋಡಿ. ಸಾವಿರದ ಇನ್ನೂರು. ಇವ್ಳು ಲಗಾಮು ಎಳ್ದು ಹಿಡ್ಕೊಂಡಿದಾಳೆ. ಬಿಟ್ರೆ ಕರೆಂಟು ಸಾಲ್ದೆ ಮುಗ್ಗರಿಸಿ ಬೀಳತ್ತೆ. ನೀವು ಆ ಬಾಯ್ಲರ್ ಆರಿಸಿ. ಒಂದೇ ಒಂದು ಸಲ. ಆಮೇಲೆ ನೋಡಿ."

"ನಾನು ಸೆಟೆದು ಸಾಯ್ಲಿ, ನಿನ್ ಸೊಸೆ ಮೇಕೆ ಓಡ್ಲಿ?"

"ಕಲ್ಲಿದ್ದಲ ಒಲೆ ಇದ್ಯಲ್ಲ ಅಕ್ಕಾ. ನಿಮ್ಮತ್ತೆ ಕಾಲದ್ದು. ಅದ್ರ ಬೆಚ್ಚನೆ ಇದಕ್ಕೆಲ್ಲಿ ಬರ್ಬೇಕು?"

ಕಾಲ್ಬುಬು ಕೋಲೂರಿ ಎದ್ದು ಹೋಗಿ ಸ್ವಿಚ್ಚು ಆರಿಸಿದರು. ಕೋಳಿಗೂಡಿನದ್ದೂ. ಮೇಲಿನ ಬಲ್ಬು ಒಮ್ಮೆಲೇ ಬೆಳಗಿತು. ನಾನು ಫೋನಿನಿಂದಲೇ ಮಿತಿ ಬಿಚ್ಚಿದೆ.

1200. 1480. 1700.

1905.

ನಿಂತಿತು. ಸ್ಟೆಬಿಲೈಸರ್ ಕೈಬಿಡಲಿಲ್ಲ. ಗೆರೆ ಹಾಸಿದ ಹಾಗೆ ನೇರ.

ಕಾಲ್ಬುಬು ಕನ್ನಡಕ ಸರಿಮಾಡಿಕೊಂಡರು. "ಇದು ನಾನು ಆರಿಸಿದ್ದಕ್ಕಾ?"

"ನೀವೇ ಅಕ್ಕಾ."

ಹೋಗಿ ಸ್ವಿಚ್ಚು ಮತ್ತೆ ಹಾಕಿಬಿಟ್ಟರು! ಗೆರೆ ಮಾಯ.

"ಅಯ್ಯೋ!" ಅಪಾ, ನಾನು, ಇಬ್ಬರೂ ಒಟ್ಟಿಗೆ.

"ನಿಜಾನೋ ಸುಳ್ಳೋ ನೋಡ್ದೆ," ಅಂದು ಮತ್ತೆ ಆರಿಸಿದರು. ಮುಖದಲ್ಲಿ ಹತ್ತು ವರ್ಷದ ಹುಡುಗಿಯ ತುಂಟತನ. ನಾನು ಎದ್ದುಬಿದ್ದು ಮನೆಗೋಡಿ ಕಂಪ್ಯೂಟರ್ ಮತ್ತೆ ಎಬ್ಬಿಸಿದೆ. ಅರ್ಧವಾಗಿದ್ದ ಒಂದು ಫ್ರೇಮು ಹೋಯಿತು. ಹೋಗಲಿ. ಹತ್ತು ಹೋಗಲಿ.

ಮರಳಿ ಬಂದಾಗ ಕೇಳಿದರು, "ಎಲ್ಲಿವರೆಗೆ ಇದು?"

"ಹದಿನೆಂಟನೇ ತಾರೀಕಿನವರೆಗೆ, ದೊಡ್ಡ ಅಪಾ."

"ಕೋಳಿದೂನಾ?"

"ಅದೂ..."

ಕಿಟಕಿಯಾಚೆ ಕೋಳಿಗೂಡಿನ ಕಡೆ ನೋಡಿದರು. "ಕೋಳೀನ ಒಳಗೆ ತಂದ್ಕೋತೀನಿ."

ಆಮೇಲೆ ನನಗೆ ಚಹಾ ಕೊಟ್ಟರು. ಅರ್ಧ ಬಟ್ಟಲು.

ಮಾರ್ಚ್ 4

ಕಾಲ್ಬುಬು ಈಗ ಬೀದಿಗೇ ದಂಡಾಧಿಕಾರಿ. ತಾನು ಚಳಿಯಲ್ಲಿ ಕೂತು ಪಕ್ಕದವರು ಹೀಟರ್ ಹಾಕಿಕೊಳ್ಳುವುದೆಂದರೇನು? ಕೋಲು ಹಿಡಿದು ಮನೆಮನೆಗೆ ಹೋಗಿದ್ದಾರೆ. ಟೈಲರ್ ಅಂಗಡಿಯವನು, "ಅಜ್ಜೀ, ಹೀಟರ್ ಹಾಕಿಲ್ಲ, ಇಸ್ತ್ರಿಪೆಟ್ಟಿಗೆ ಅದು!" ಎಂದರೂ ಬಿಟ್ಟಿಲ್ಲವಂತೆ. ಅವನು ಈಗ ಬೆಳಿಗ್ಗೆಯೇ ಇಸ್ತ್ರಿ ಮುಗಿಸುತ್ತಾನೆ. ಅವರ ಫೋನಿಗೂ ಗೆರೆ ಹಾಕಿಕೊಟ್ಟೆ. ಕೊಡದಿದ್ದರೆ ಉಳಿಗಾಲವಿರಲಿಲ್ಲ.

ಸಂಜೆ ನಮ್ಮ ಮನೆಗೆ ಬಂದರು. ಹೇಳಿ ಕಳಿಸದೆ! "ಇಷ್ಟೆಲ್ಲ ಮಾಡ್ಸಿದ್ಯಲ್ಲ, ಆ ಮೇಕೆ ತೋರ್ಸು."

ಮುಗಿದಷ್ಟು ತೋರಿಸಿದೆ. ಮುನಿಸಿನ ಭಾಗದ ಒಂದು ತುಣುಕು ನಿನ್ನೆಯಷ್ಟೇ ಸಿದ್ಧವಾಗಿತ್ತು. ಚುನಾಕ್ ಬೆನ್ನು ತಿರುಗಿಸಿ ಕೂತ. ಭುಜ ಮೇಲೆ.

ಕಾಲ್ಬುಬು ಅಪಾನ ತೋಳು ಹಿಡಿದುಕೊಂಡರು.

"ಜಿಪಾರ್. ನೋಡೇ. ಮುಕಾಶ್!"

ಮುಕಾಶ್ ನನ್ನ ಮಾವ. ನಾನು ಈ ಮನೆಗೆ ಬರುವ ಮೊದಲೇ ತೀರಿಹೋದವರು. ಫೋಟೋದಲ್ಲಿ ಮಾತ್ರ ನೋಡಿದ್ದೇನೆ, ನೆಟ್ಟಗೆ ನಿಂತದ್ದು.

"ಹೌದಲ್ವೇ ಅಕ್ಕಾ," ಅಪಾ ತೆರೆಯ ಹತ್ತಿರಕ್ಕೆ ಬಗ್ಗಿದರು. "ಸೂಪಿಗೆ ಉಪ್ಪು ಕಮ್ಮಿ ಅಂದಾಗ ಇವ್ರು ಹಿಂಗೇ ಕೂರ್ತಿದ್ರು. ಇದೇ ಭುಜ."

"ಚಿಕ್ಕೋನಿದ್ದಾಗ್ಲೂ ಹಿಂಗೇ! ನಾನು ಕತ್ತೆ ಮೇಲೆ ಕೂರಿಸ್ಕೊಳ್ಲಿಲ್ಲ ಅಂತ ಒಂದು ದಿನ ಪೂರ್ತಿ ಗೋಡೆ ಕಡೆ ತಿರುಗಿ ಕೂತಿದ್ದ. ಕದ್ದು ಕದ್ದು ನೋಡೋದು ಬೇರೆ!"

ಅಷ್ಟರಲ್ಲಿ ಚುನಾಕ್ ಓರೆಗಣ್ಣಲ್ಲಿ ಇಣುಕಿದ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ತಲೆವಸ್ತ್ರ ಜಾರಿದರೂ ಗೊತ್ತಾಗಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ಹಾಕು ಅಂದರು. ಮತ್ತೆ ನಕ್ಕರು. ಬಾಗಿಲಲ್ಲಿ ಕುಬಾನ್ ನಿಂತಿದ್ದ. ಒಂದು ಭುಜ ಸ್ವಲ್ಪ ಮೇಲೆ.

ನಾನು ಕುಬಾನ್‌ನನ್ನು ನೋಡಿ ಬರೆದೆ ಅಂದುಕೊಂಡಿದ್ದೆ. ನೋಡದ ಮಾವನನ್ನು ಬರೆದಿದ್ದೆ.

ಕತ್ತರಿಸುವುದಿಲ್ಲ ಅಂದೆ ಚೋಲ್ಪೋನ್‌ಗೆ. ಇನ್ನು ಕೇಳಬೇಡ ಅಂದೆ.

ಮಾರ್ಚ್ 8, ಮಂಗಳವಾರ

ಮಹಿಳಾ ದಿನ. ಕುಬಾನ್ ಅಡುಗೆ. ಪಲಾವ್ ತಳ ಹಿಡಿಯಿತು, ತಳ ಹಿಡಿದದ್ದೇ ರುಚಿ ಎಂದು ವಾದಿಸಿದ.

ಬೀದಿಯ ಹೆಂಗಸರೆಲ್ಲ ನಮ್ಮ ಅಡುಗೆಮನೆಯಲ್ಲಿ. ಅವರವರ ಮನೆ ತಣ್ಣಗಿದೆ, ನಮ್ಮಲ್ಲಿ ಒಲೆ ಉರಿಯುತ್ತಿದೆ ಎಂಬುದು ನೆಪ. ಟ್ಯಾಬ್ಲೆಟ್ಟನ್ನು ಸಮೋವರಿಗೆ ಒರಗಿಸಿ ನಿಲ್ಲಿಸಿದ್ದಾರೆ. ಕೌದಿ ಹೊಲಿಯುತ್ತಾರೆ, ಊರ ಸುದ್ದಿ ಆಡುತ್ತಾರೆ, ನಡುನಡುವೆ ಒಂದು ಕಣ್ಣು ಗೆರೆಯ ಮೇಲೆ. ಒಮ್ಮೆ 1650ಕ್ಕೆ ಇಳಿಯಿತು. ಮಾತು ನಿಂತಿತು.

"ಯಾರದು?" ಅಂದರು ಕಾಲ್ಬುಬು.

ಹೋಗಿ ನೋಡಿದರೆ ಕಿಂಡಿಗೆ ಉಣ್ಣೆ ಮೆತ್ತಿತ್ತು. ಕುರಿಮರಿದೇ. ಬ್ರಶ್ಶಿನಿಂದ ತೆಗೆದೆ. ಬರುವಷ್ಟರಲ್ಲಿ ಅಡುಗೆಮನೆಯಿಂದ ಚಪ್ಪಾಳೆ ಕೇಳಿಸಿತು. ಏರಿರಬೇಕು.

ಮಾರ್ಚ್ 12

1905.

1905.

ಇವತ್ತು ಬೇರೇನೂ ಬೇಡ.

ಮಾರ್ಚ್ 17, ಗುರುವಾರ. ಬೆಳಿಗ್ಗೆ

ಚಳಿ ಮುರಿದಿದೆ. ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ. ನಾನು ಹಸುವಿನ ಹಾಲು ಕರೆಯುತ್ತಿದ್ದೆ. ಅಪಾ ಅಂಗಳದಲ್ಲಿ ಚೀರಿದರು.

"ಬುರುಲ್! ಬುರುಲ್! ಕರಿಯ ಬಿದ್ದ! ಇನ್ನೂರ ಹತ್ತು! ಸಾವಿರ ಎಲ್ಲ ಹೋಯ್ತು, ಬರೀ ಇನ್ನೂರ ಹತ್ತು!"

ಹಾಲಿನ ಬಕೆಟ್ಟು ಬಿಟ್ಟು ಓಡಿದೆ. ಬಾಗಿಲಲ್ಲಿ ಅಪಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು, ಮುಖ ಬಿಳಿಚಿಕೊಂಡು. ಒಳಗೆ ನೋಡಿದೆ. ಫ್ಯಾನುಗಳು ನಿಂತಿದ್ದವು. ಇಷ್ಟು ದಿನದಲ್ಲಿ ಆ ಕೋಣೆ ಇಷ್ಟು ನಿಶ್ಶಬ್ದ ಇದ್ದದ್ದೇ ಇಲ್ಲ. ತೆರೆಯ ಮೇಲೆ ಕೊನೆಯ ಫ್ರೇಮು. ಓಟದ ಕೊನೆಯ ಗೆರೆ ದಾಟಿದ ಚುನಾಕ್, ಕೂದಲೆಲ್ಲ ಗಾಳಿಗೆ.

"ಸತ್ತೋಯ್ತಾ?" ಪಿಸುಮಾತಿನಲ್ಲಿ ಕೇಳಿದರು.

"ಇಲ್ಲ ಅಪಾ. ಮುಗೀತು. ಇನ್ನು ಮಾಡೋಕೆ ಏನೂ ಉಳಿದಿಲ್ಲ ಅದಕ್ಕೆ. ಸುಮ್ನೆ ಉಸಿರಾಡ್ತಿದೆ."

"ಇನ್ನೂರ ಹತ್ತು ಅಂದ್ರೆ ಉಸಿರಾಡೋದಾ?"

"ಹೂಂ."

ಒಳಗೆ ಹೋದರು. ಬೆವರಿದ ಕುದುರೆಗೆ ಹೊದಿಸುವ ಹಾಗೆ ಹೆಗಲ ಮೇಲಿನ ಶಾಲು ತೆಗೆದರು. "ಬೇಡ ಅಪಾ, ಗಾಳಿ ಬೇಕು ಅದಕ್ಕೆ" ಅಂದೆ. ಸರಿ ಎಂದು ಆ ಶಾಲನ್ನು ನನಗೇ ಹೊದಿಸಿದರು. ಎದೆಗೆ ಒತ್ತಿಕೊಂಡರು. ಹೊಗೆಯ, ಹಿಟ್ಟಿನ, ಕುರಿಯ ವಾಸನೆ. ಎಷ್ಟು ಹೊತ್ತು ನಿಂತಿದ್ದೆವೋ.

ಹಾಲೆಲ್ಲ ಬೆಕ್ಕಿನ ಪಾಲು.

ಮಾರ್ಚ್ 21, ಸೋಮವಾರ. ಸಂಜೆ

ಈಗಷ್ಟೇ ಮನೆಗೆ ಬಂದೆವು.

ಭವನ ತುಂಬಿತ್ತು. ಅಂಗಳದಲ್ಲಿ ಗೋಧಿಮೊಳಕೆಯ ಸಿಹಿ ಸುಮೋಲೋಕಿನ ಕಡಾಯಿ, ಕೈಗೆ ಬಾಯಿಗೆ ಅಂಟಿಸಿಕೊಂಡು ಬಂದ ಮಕ್ಕಳು, ಒಂದು ಕುರ್ಚಿಗೆ ಮೂವರು. ಮುಂದಿನ ಸಾಲಿನಲ್ಲಿ ಕಾಲ್ಬುಬು. ದೀಪ ಆರುವ ಮೊದಲೇ ಹಿಂದೆ ತಿರುಗಿ ಕೋಲು ನೆಲಕ್ಕೆ ಬಡಿದರು. ಇಡೀ ಭವನ ಗಪ್ಪಾಯಿತು. ನಗರಸಭೆಯವರು ಕೂಡ.

ನಾನು ನೋಡಲಿಲ್ಲ. ಅಂದರೆ ನೋಡಿದೆ, ಚುನಾಕ್‌ನನ್ನಲ್ಲ. ಒಂದು ಸಾಲು ಮುಂದೆ ಎರಡು ಜಡೆಯ ಹುಡುಗಿ. ಅವಳ ಬಾಯಿ ತೆರೆದೇ ಇತ್ತು. ಕುದುರೆಗಳು ಗೇಲಿ ಮಾಡಿದಾಗ ಎದ್ದು ನಿಂತು, ನಮ್ಮ ಭಾಷೆಯಲ್ಲಿ, ಗಟ್ಟಿಯಾಗಿ, "ನಿಮ್ಗೇ ನಾಚ್ಕೆ ಆಗ್ಬೇಕು!" ಅಂದಳು.

ಚುನಾಕ್ ಬೆನ್ನು ತಿರುಗಿಸಿ ಕೂತ. ನಗು ಮುಂದಿನ ಸಾಲಿನಿಂದ ಹಿಂದಿನವರೆಗೆ ಉರುಳಿ ಬಂತು. ದೊಡ್ಡವರೂ. ಎಲ್ಲರ ಮನೆಯಲ್ಲೂ ಅಂಥ ಒಂದು ಭುಜ ಇದ್ದೇ ಇರುತ್ತದೆಯೋ ಏನೋ. ಪಕ್ಕದಲ್ಲಿ ಕುಬಾನ್ ಕಿವಿಯವರೆಗೆ ಕೆಂಪಾಗಿ ನನ್ನ ಕೈ ಹಿಂಡಿದ. "ಮನೆಗೆ ನಡಿ, ನೋಡ್ಕೋತೀನಿ," ಅಂದ. ಆದರೆ ಕೈ ಬಿಡಲಿಲ್ಲ.

ಮುಗಿದು ದೀಪ ಹತ್ತಿತು.

"ಮತ್ತೆ ಹಾಕಿ!" ಅಂದಿತು ಯಾವುದೋ ಮೂಲೆಯಿಂದ ಒಂದು ದನಿ.

ಮತ್ತೆ ಹಾಕಿದರು. ಆಮೇಲೆ ಮತ್ತೆ. ಮುಂದೆ ಹಾಡಬೇಕಿದ್ದವರು ಪರದೆಯ ಹಿಂದೆ ಕಾದು ಕಾದು ಸಾಕಾಗಿ, ತಾವೂ ಬಂದು ನೆಲದ ಮೇಲೆ ಕೂತು ನೋಡಿದರು.

ಮಾರ್ಚ್ 23, ಬುಧವಾರ

ಬೆಳಿಗ್ಗೆಯಿಂದ ಗೇಟಿನಲ್ಲಿ ಮಕ್ಕಳು. ಮೊದಲು ಇಬ್ಬರು, ಈಗ ಎಣಿಸಲಾರೆ. ಒಬ್ಬನ ಕೈಯಲ್ಲಿ ಕ್ಯಾರೆಟ್ಟು, ಒಬ್ಬಳ ಕೈಯಲ್ಲಿ ಕೋಸಿನ ಎಲೆ, ಇನ್ನೊಬ್ಬನ ಕೈಯಲ್ಲಿ ತಾನೇ ಕಚ್ಚಿದ ಬನ್ನು.

"ಚುನಾಕ್ ಮನೆ ಇದೇನಾ?"

ಅದು ಬರೀ ಚಿತ್ರ ಎಂದು ಹೇಳಲು ಬಾಯಿ ತೆರೆದೆ. ಅಪಾ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು.

"ಇದೇ. ಆದ್ರೆ ಅವ್ನಿಲ್ಲ. ಬೆಟ್ಟಕ್ಕೆ ಹೋಗಿದಾನೆ, ಓಡೋದು ಅಭ್ಯಾಸ ಮಾಡೋಕೆ."

"ಇಷ್ಟು ಹಿಮದಲ್ಲಾ ಅಜ್ಜೀ?"

"ಅವ್ನ ಕೂದ್ಲು ನೋಡಿದ್ಯಲ್ಲ. ಅದಕ್ಕೆಲ್ಲಿ ಚಳಿ?"

ಅವನು ತಲೆಯಾಡಿಸಿದ. ಒಪ್ಪಿಗೆಯಾಗಿತ್ತು. ಆ ಕೂದಲಿಗಾಗಿ ನಾನು ಪಟ್ಟ ಪಾಡು ಇದಕ್ಕಿಂತ ಹೆಚ್ಚು ಯಾರಿಗೂ ಅರ್ಥವಾಗಬೇಕಿಲ್ಲ.

"ಯಾವಾಗ ಬರ್ತಾನೆ?"

ಅಪಾ ನನ್ನ ಕಡೆ ನೋಡಿದರು. ಮಕ್ಕಳೆಲ್ಲ ನನ್ನ ಕಡೆ ನೋಡಿದರು. "ಬೇಸಿಗೆ ಕಳೀಲಿ," ಅಂದುಬಿಟ್ಟೆ. ಏನಾದರೂ ಯೋಚಿಸಿದೆನಾ? ಇಲ್ಲ. ಕ್ಯಾರೆಟ್ಟು, ಎಲೆ, ಬನ್ನು ಎಲ್ಲ ಅಪಾ ಮಡಿಲಲ್ಲಿ ತುಂಬಿಕೊಂಡು, "ಕಳಿಸ್ಕೊಡ್ತೀನಿ, ಕಳಿಸ್ಕೊಡ್ತೀನಿ" ಎನ್ನುತ್ತ ಕೊಟ್ಟಿಗೆಗೆ ನಡೆದರು. ಕುರಿಗಳಿಗೆ ಹಬ್ಬ.

ಆಮೇಲೆ ಕಾಲ್ಬುಬು ಬಂದರು. ಚಹಾ ಮೂರು ಅರ್ಧ ಬಟ್ಟಲು ಆದ ಮೇಲೆ, ಕಿಟಕಿಯ ಕಡೆ ನೋಡುತ್ತ, ಯಾರಿಗೋ ಹೇಳುವ ಹಾಗೆ: "ಆ ಮೇಕೆಗೆ ಒಬ್ಳು ಅಕ್ಕ ಇರ್ಬೇಕಿತ್ತು. ಸ್ವಲ್ಪ ಜೋರಿರೋ ಅಕ್ಕ. ಕುದುರೆಗಳು ಹಂಗೆಲ್ಲ ಮಾತಾಡೋಕೆ ಬಿಡ್ತಿರ್ಲಿಲ್ಲ."

ಈಗ ಪುಟದ ಅಂಚಿನಲ್ಲಿ ಸುಮ್ಮನೆ ಗೀಚುತ್ತಿದ್ದೇನೆ. ಹಿರಿ ಮೇಕೆ. ತಲೆವಸ್ತ್ರ. ಮುಂಗಾಲಿಗೆ ಒಂದು ಕೋಲು. ಮೂಗು ಸ್ವಲ್ಪ ಉದ್ದವಾಯಿತು... ಇಲ್ಲ, ಉದ್ದವೇ ಸರಿ. ಗಲ್ಲ ಇನ್ನೂ ಚೂರು ಮುಂದೆ. ಕನ್ನಡಕ ಹಾಕಿದರೆ ಹೇಗೆ? ಅಯ್ಯೋ, ಥೇಟ್ ಅವರೇ! ಅಪಾಗೆ ತೋರಿಸಬೇಕು, ಬಿದ್ದು ಬಿದ್ದು ನಗುತ್ತಾ... ಕಾಲ್ಬುಬು ಹೊರಟುಹೋದರು ಅಂದುಕೊಂಡಿದ್ದೆ, ಬೆನ್ನ ಹಿಂದೆ ಕೋಲಿನ ಸದ್ದು...